ಪ್ಲೇಟ್ ಸೈಜ್ ಪಾಪ್ಲೆಟ್ ನಾವು ಬೇಡ ಅಂದರೆ ಸಮುದ್ರಕ್ಕೆ ಏನಾದರೂ ಲಾಭ ಉಂಟಾ?

ಸಾಕಿನಾಕಾ ಊಟದಮನೆ

ಎಲ್ಲರಿಗೂ ನಮಸ್ಕಾರ. ಮುಂಬೈಯ ಸಾಕಿನಾಕಾದಲ್ಲಿ ನಾನೂ ನಮ್ಮ ಅತ್ತಿಗೆಯೂ ಸೇರಿ ಒಂದು ಸಣ್ಣ ಹೋಟೆಲ್ ನಡೆಸುತ್ತೇವೆ. ಊರು ಕಾಪು ಕಡೆ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಮೀನು ಸಾರು, ಫ್ರೈ. ರಾತ್ರಿ ನೀರುದೋಸೆ, ಗಸಿ. ಮೀನು ತರುವುದು, ಶುಚಿ ಮಾಡುವುದು ಎರಡೂ ನನ್ನ ಕೆಲಸ.

ಭಾವುಚಾ ಧಕ್ಕಾದಲ್ಲಿ (ಇಲ್ಲಿಯ ಮೀನು ಇಳಿಸುವ ಬಂದರು) ನಮ್ಮ ಏಜೆಂಟ್ ಈಗೀಗ ಪಾಪ್ಲೆಟ್, ಅಂದರೆ ನಮ್ಮೂರಿನ ಮಾಂಜಿ, ಕೇಳಿದರೆ ಎರಡು ಕ್ರೇಟ್ ಮುಂದಿಡುತ್ತಾರೆ. ಒಂದರಲ್ಲಿ ದೊಡ್ಡ ಮೀನು. ಅದರ ರೇಟು ನಮ್ಮಂಥ ಹೋಟೆಲಿಗೆ ಎಟುಕುವುದಿಲ್ಲ. ಇನ್ನೊಂದರಲ್ಲಿ ನನ್ನ ಅಂಗೈಯಷ್ಟೂ ಇಲ್ಲದ ಮರಿಗಳು. ಅದಕ್ಕೆ ಪ್ಲೇಟ್ ಸೈಜ್ ಅನ್ನುತ್ತಾರೆ. ಒಂದು ಪ್ಲೇಟಿಗೆ ಒಂದು ಇಡೀ ಮೀನು ಇಟ್ಟರೆ ಗಿರಾಕಿಗೆ ಖುಷಿ, ನಮಗೂ ಲೆಕ್ಕ ಸುಲಭ. ಈ ಸುತ್ತಿನ ಸುಮಾರು ಹೋಟೆಲಿಗೆ ಅದೇ ಹೋಗುತ್ತದೆ. ನನ್ನ ಮೇಲೂ ಒತ್ತಾಯ ಜಾಸ್ತಿ ಆಗಿದೆ. ಏಜೆಂಟ್ ಒಂದು ಚೀಲ ಸುಮ್ನೆ ಸ್ಯಾಂಪಲ್ ಅಂತ ಕೊಟ್ಟರು.

ಅದನ್ನು ಶುಚಿ ಮಾಡುವಾಗ ನನಗೆ ಒಂಥರಾ ಆಯಿತು. ದೊಡ್ಡ ಹೆಣ್ಣು ಮೀನಿನ ಹೊಟ್ಟೆ ಸೀಳಿದರೆ ಕೆಲವು ತಿಂಗಳು ಒಳಗೆ ಗಾಬೋಲಿ, ಅಂದರೆ ಮೊಟ್ಟೆಯ ಗಂಟು, ತುಂಬಿರುತ್ತದೆ, ಕೈಗೆ ಭಾರ ಗೊತ್ತಾಗುತ್ತದೆ. ಈ ಮರಿಗಳಲ್ಲಿ ಬೆನ್ನುಮೂಳೆಗೆ ಅಂಟಿಕೊಂಡ ಎರಡು ತೆಳ್ಳಗಿನ ಎಳೆ, ಅಷ್ಟೇ. ಬೆರಳಲ್ಲಿ ಒರೆಸಿದರೆ ಹೋಗುತ್ತದೆ. ಒಂದು ಸಲವೂ ಮೊಟ್ಟೆ ಇಡದ ಮೀನು ಅದು. ಇಡೀ ಚೀಲ ಅಂಥದ್ದೇ.

2023ರಲ್ಲಿ ಮಹಾರಾಷ್ಟ್ರ ಸರ್ಕಾರ 54 ಜಾತಿಯ ಮೀನು, ಸಿಗಡಿ, ಏಡಿಗಳಿಗೆ 'ಇದಕ್ಕಿಂತ ಸಣ್ಣದು ಹಿಡಿಯಬಾರದು' ಅಂತ ಅಳತೆ ಗೊತ್ತು ಮಾಡಿತಲ್ವಾ? ಅದೇ ವರ್ಷ ಪಾಪ್ಲೆಟನ್ನು ರಾಜ್ಯದ ಮೀನು ಅಂತಲೂ ಘೋಷಿಸಿದರು. ಹಾಗಿದ್ದ ಮೇಲೆ ಈ ಮರಿಗಳು ಧಕ್ಕೆಗೆ ಬರುವುದು ಹೇಗೆ? ಪ್ರತಿ ಮಳೆಗಾಲ ಎರಡು ತಿಂಗಳು ಬೋಟ್ ಬಂದ್ ಇರುತ್ತದೆ, ಅದು ಸಾಲುವುದಿಲ್ಲವಾ? ಮತ್ತೊಂದು ಮಾತು. ಅತ್ತಿಗೆ ಕೇಳುತ್ತಾರೆ, 'ಸತ್ತ ಮೀನು ತಾನೇ, ನೀನು ಬಿಟ್ಟರೆ ಜೀವ ಬರುತ್ತದಾ?' ಇದಕ್ಕೆ ನನ್ನ ಹತ್ತಿರ ಸರಿಯಾದ ಉತ್ತರ ಇಲ್ಲ. ತಿಳಿದವರು ದಯವಿಟ್ಟು ಬರೆಯಿರಿ.

ಕೊಲಾಬಾ ಖರೀದಿಯವ

ಅಕ್ಕಾ, ನಿಮ್ಮ ಅತ್ತಿಗೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಾನು ಮಲ್ಪೆಯವ. ಸಸೂನ್ ಡಾಕಿನಲ್ಲಿ ಒಂದು ಕೋಲ್ಡ್ ಸ್ಟೋರೇಜಿಗೆ ಮೀನು ಖರೀದಿ ಮಾಡುವುದು ನನ್ನ ಕೆಲಸ. ಹರಾಜು ದಿನಾ ನೋಡುತ್ತೇನೆ.

ಆ ಕ್ರೇಟಿನ ಮೀನಿಗೆ ಜೀವ ಬರುವುದಿಲ್ಲ, ನಿಜ. ಆದರೆ ಹರಾಜು ಮುಗಿದ ಕೂಡಲೇ ಯಾವ ಸೈಜಿಗೆ ಎಷ್ಟು ಸಿಕ್ಕಿತು ಅಂತ ಬೋಟಿನ ಮಾಲೀಕರಿಗೆ, ಅವರಿಂದ ಬೋಟ್ ನಡೆಸುವ ತಾಂಡೇಲನಿಗೆ ಫೋನ್ ಹೋಗುತ್ತದೆ. ಮರಿಗೆ ಒಳ್ಳೆ ರೇಟ್ ಸಿಕ್ಕಿದೆ ಅಂದರೆ ಮುಂದಿನ ಸಲವೂ ಅದೇ ಜಾಗ, ಅದೇ ಬಲೆ. ರೇಟ್ ಬಿದ್ದಿದೆ ಅಂದರೆ ಐಸಿಗೂ ಡೀಸೆಲಿಗೂ ಅದು ಹುಟ್ಟುವುದಿಲ್ಲ, ಆಗ ಜಾಗ ಬದಲಾಗುತ್ತದೆ. ನೀವು ಇವತ್ತು ಕೊಡುವ ದುಡ್ಡು ಮುಂದಿನ ಬಲೆಗೆ ಹೋಗುತ್ತದೆ. ಅತ್ತಿಗೆಗೆ ಇದನ್ನೇ ಹೇಳಿ.

ಇನ್ನು ಮಳೆಗಾಲದ ಬಂದ್. ನಮ್ಮ ಪಶ್ಚಿಮ ಕರಾವಳಿಗೆ ಕೇಂದ್ರದ ಲೆಕ್ಕದಲ್ಲಿ ಜೂನ್ 1ರಿಂದ ಜುಲೈ 31, ಒಟ್ಟು 61 ದಿನ. 2015ಕ್ಕೆ ಮೊದಲು 47 ದಿನ ಇತ್ತು. ಪೂರ್ವ ಕರಾವಳಿಗೆ ಏಪ್ರಿಲ್ 15ರಿಂದ ಜೂನ್ 14. ಅದಕ್ಕೇ ಜೂನ್ ಅರ್ಧ ಕಳೆದ ಮೇಲೆ ಮುಂಬೈಗೆ ಆ ಕಡೆಯ ಮೀನು ಬರುವುದು. ಈ ಬಂದ್ ಒಳ್ಳೆಯದೇ, ನಾನು ಅದರ ಪರ. ಕಡಲು ರೌದ್ರವಾಗಿರುವಾಗ ಜನರ ಜೀವವೂ ಉಳಿಯುತ್ತದೆ, ಎಷ್ಟೋ ಮೀನು ನೆಮ್ಮದಿಯಾಗಿ ಮೊಟ್ಟೆ ಇಡುತ್ತವೆ. ಆದರೆ ಆಗಸ್ಟಿನಲ್ಲಿ ಎಲ್ಲ ಬೋಟುಗಳೂ ಒಟ್ಟಿಗೆ ನುಗ್ಗುತ್ತವೆ. ಆಗ ನೀರಿನಲ್ಲಿ ಇರುವುದೇ ಮರಿಗಳು. ಹುಟ್ಟಲು ಬಿಟ್ಟೆವು, ಬೆಳೆಯಲು ಬಿಡಲಿಲ್ಲ. ದಿನ ಲೆಕ್ಕ ಹಾಕುವ ಕಾನೂನು ಇಲ್ಲಿ ಸೋಲುತ್ತದೆ. ಸೈಜಿನ ಕಾನೂನು ಬೇಕಾಗಿರುವುದು ಅದಕ್ಕೇ.

ಕೇರಳದವರು ಇದನ್ನು 2015ರಲ್ಲೇ ಶುರು ಮಾಡಿದರು. ಮೊದಲು 14 ಜಾತಿ, ಆಮೇಲೆ 58ಕ್ಕೆ ಏರಿಸಿದರು. ಅಲ್ಲಿ ಭೂತಾಯಿ (ಸಾರ್ಡೀನ್ ಮೀನು) 10 ಸೆಂಟಿಮೀಟರ್, ಬಂಗುಡೆ 14 ಸೆಂಟಿಮೀಟರ್ ಆದರೂ ಇರಬೇಕು. ಕೊಚ್ಚಿಯ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಅಧ್ಯಯನ ಮಾಡಿ ಕೊಟ್ಟ ಅಳತೆ ಅದು. ಒಂದು ವಿಷಯ ನೆನಪಿರಲಿ, ಇದು ತೀರಾ ಕಮ್ಮಿ ಮಿತಿ. 14 ಸೆಂಟಿಮೀಟರ್ ಬಂಗುಡೆಯೂ ಇನ್ನೂ ಎಳೆಯದೇ. ಮೊದಲ ಸಲ ಮೊಟ್ಟೆ ಇಡುವಷ್ಟರಲ್ಲಿ ಅದು ಇನ್ನೂ ಬೆಳೆದಿರುತ್ತದೆ. ಹಾಗಾಗಿ ಕಾನೂನಿನ ಅಳತೆ ದಾಟಿದ ಮೀನೆಲ್ಲ ಬಲಿತದ್ದು ಅಂತ ತಿಳಿಯಬೇಡಿ.

ಸೈಜ್ ನೋಡದೆ ಹಿಡಿದರೆ ಏನಾಗುತ್ತದೆ ಅನ್ನುವುದಕ್ಕೆ ಬೇರೆ ಕಡೆ ಹೋಗಬೇಕಿಲ್ಲ. ಇದೇ ಮುಂಬೈ ಸಮುದ್ರದಲ್ಲಿ ಚಪ್ಪಟೆ ತಲೆಯ ಮರಳು ಲಾಬ್‌ಸ್ಟರ್ ಸಿಗುತ್ತಿತ್ತು. ತಳಕ್ಕೆ ಬಲೆ ಬಿಟ್ಟು ಎಳೆಯುವ ಟ್ರಾಲ್ ಬೋಟಿನವರಿಗೆ ಅದು ಒಳ್ಳೆ ಆದಾಯ. ತಳದ ಮರಳಲ್ಲಿ ಹುದುಗಿಕೊಂಡಿರುವ ಪ್ರಾಣಿ, ತಳ ಗೀರುವ ಬಲೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಹೆಣ್ಣು ತನ್ನ ಮೊಟ್ಟೆಗಳನ್ನು ಹೊಟ್ಟೆಯ ಅಡಿಗೆ ಅಂಟಿಸಿಕೊಂಡೇ ಓಡಾಡುತ್ತದೆ. ಬಲೆಗೆ ತಾಯಿ ಬಂದರೆ ಆ ಮೊಟ್ಟೆಗಳೂ ಅದರ ಜೊತೆಗೇ ಹೋದವು. 1994ರ ಹೊತ್ತಿಗೆ ಇಲ್ಲಿ ಆ ಮೀನುಗಾರಿಕೆಯೇ ಮುಗಿದುಹೋಯಿತು. ನಮ್ಮ ಹಳೆಯ ಸೇಟ್ ಈಗಲೂ ಆ ಮಾತು ತೆಗೆದರೆ ಸುಮ್ಮನಾಗಿಬಿಡುತ್ತಾರೆ.

2003ರಲ್ಲಿ ಕೇಂದ್ರ ಸರ್ಕಾರ ಲಾಬ್‌ಸ್ಟರ್ ರಫ್ತಿಗೆ ತೂಕದ ಮಿತಿ ಹಾಕಿತು. ಮರಳು ಲಾಬ್‌ಸ್ಟರ್ 150 ಗ್ರಾಂಗಿಂತ ಕಮ್ಮಿ ಇದ್ದರೆ ಹೊರದೇಶಕ್ಕೆ ಕಳಿಸುವಂತಿಲ್ಲ. ಮುಳ್ಳಿನ ಜಾತಿಗಳಿಗೆ 200, 300, 500 ಗ್ರಾಂ ಅಂತ ಬೇರೆ ಬೇರೆ. ಮುಂಬೈಯ ಮರಳು ಲಾಬ್‌ಸ್ಟರಿಗೆ ಅದು ತಡವಾಗಿ ಬಂದ ಕಾನೂನು. ಆದರೂ ನನಗೆ ಆ ಕಾನೂನಿನ ದಾರಿ ಸರಿ ಅನ್ನಿಸುತ್ತದೆ, ಯಾಕೆಂದರೆ ಅದು ತಕ್ಕಡಿಯ ಹತ್ತಿರ ನಿಂತಿದೆ. ಸಮುದ್ರದಲ್ಲಿ ಪ್ರತಿ ಬಲೆಯ ಹಿಂದೆ ಪೊಲೀಸರನ್ನು ನಿಲ್ಲಿಸಲು ಆಗುವುದಿಲ್ಲ. ಮೀನು ದುಡ್ಡಾಗುವ ಜಾಗಗಳು ಮಾತ್ರ ಬೆರಳೆಣಿಕೆಯಷ್ಟು. ಧಕ್ಕೆ, ಹರಾಜು, ಗ್ರೇಡಿಂಗ್ ಮೇಜು, ಹೋಟೆಲಿನ ಹಿಂಬಾಗಿಲು. ಅಳೆಯುವುದಾದರೆ ಅಲ್ಲಿ ಅಳೆಯಬೇಕು. ಆ ರಫ್ತಿನ ನಿಯಮಕ್ಕೆ ಇರುವ ಕೊರತೆಯೂ ಅದೇ, ಊರೊಳಗೆ ತಿನ್ನುವ ಲಾಬ್‌ಸ್ಟರಿಗೆ ಅದು ಅನ್ವಯಿಸುವುದಿಲ್ಲ.

ಗಂಗೊಳ್ಳಿ ಬೋಟ್ ಮನೆ

ಎಲ್ಲ ಸರಿ ಮಾರಾಯ್ರೆ, ಆದರೆ ಬೋಟಿನವರ ಕಡೆಯಿಂದಲೂ ಒಂದು ಸಲ ಕೇಳಿ. ನಮ್ಮದು ಗಂಗೊಳ್ಳಿ. ಅಣ್ಣನದು ಟ್ರಾಲ್ ಬೋಟ್. ನಾನು ಈಗ ನವಿ ಮುಂಬೈಯಲ್ಲಿ ಕೆಲಸಕ್ಕಿದ್ದೇನೆ, ಆದರೂ ಬೋಟಿನ ಸಾಲದ ಕಂತು ನನ್ನ ಸಂಬಳದಿಂದಲೂ ಹೋಗುತ್ತದೆ.

ಹೋಟೆಲಿನವರು ಬೇಡ ಅಂದ ಮರಿ ಎಲ್ಲಿಗೆ ಹೋಗುತ್ತದೆ ಗೊತ್ತುಂಟಾ? ಫಿಶ್‌ಮೀಲ್ ಕಾರ್ಖಾನೆಗೆ. ಅಲ್ಲಿ ಬೇಯಿಸಿ, ಒಣಗಿಸಿ, ಪುಡಿ ಮಾಡಿ ಕೋಳಿಗೂ ಸಿಗಡಿ ಕೆರೆಗೂ ಆಹಾರ ಮಾಡುತ್ತಾರೆ. ಎಣ್ಣೆ ಬೇರೆ ತೆಗೆಯುತ್ತಾರೆ. ಅವರಿಗೆ ಜಾತಿ ಬೇಡ, ಸೈಜ್ ಬೇಡ, ತಾಜಾ ಇರಬೇಕು ಅಂತಲೂ ಇಲ್ಲ. ಟನ್ ಲೆಕ್ಕ ಅಷ್ಟೇ. ದೂರ ಹೋಗುವ ಬೋಟುಗಳು ಮೊದಲ ದಿನಗಳಲ್ಲಿ ಬಿದ್ದ ಚಿಲ್ಲರೆ ಮೀನನ್ನು ನೀರಿಗೇ ಎಸೆದುಬಿಡುತ್ತವೆ, ಐಸ್ ಮತ್ತು ಜಾಗ ದೊಡ್ಡ ಮೀನಿಗೆ ಬೇಕಲ್ಲ. ವಾಪಸ್ ಬರುವ ಹೊತ್ತಿಗೆ ಬಿದ್ದದ್ದನ್ನು ಮಾತ್ರ ತುಂಬಿಕೊಂಡು ಬಂದು ಫಿಶ್‌ಮೀಲಿಗೆ ಕೊಡುತ್ತಾರೆ. ಧಕ್ಕೆಯಲ್ಲಿ ಅಳೆದರೆ ಆ ಕೊನೆಯ ಪಾಲು ಕಾಣುತ್ತದೆ. ಮೊದಲೇ ಎಸೆದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಹಾಗಾಗಿ ಬರೀ ತಕ್ಕಡಿಯ ಹತ್ತಿರ ನಿಂತರೆ ಸಾಲದು ಅಂತ ನಾನು ಹೇಳುವುದು.

ಮರಿ ಬಲೆಯೊಳಗೆ ಉಳಿಯದ ಹಾಗೆ ಮಾಡುವುದೇ ನಿಜವಾದ ದಾರಿ. ಟ್ರಾಲ್ ಬಲೆಯ ಬಾಲದ ಚೀಲ ನೋಡಿದ್ದೀರಾ? ಮಾಮೂಲಿ ಬಲೆಯ ಕಣ್ಣು ಡೈಮಂಡ್ ಆಕಾರ. ದಡದಲ್ಲಿ ಹರಡಿ ಅಳೆದರೆ ಕಣ್ಣು ಚೆನ್ನಾಗಿ ಬಿಚ್ಚಿರುತ್ತದೆ. ನೀರಲ್ಲಿ ಎಳೆದಾಗ, ಹಿಂದೆ ಮೀನಿನ ಭಾರ ಬಿದ್ದಾಗ, ಅದೇ ಕಣ್ಣು ಉದ್ದಕ್ಕೆ ಎಳೆದುಕೊಂಡು ಮುಚ್ಚಿಹೋಗುತ್ತದೆ. ಬೆರಳೂ ತೂರುವುದಿಲ್ಲ. ಚೌಕ ಕಣ್ಣಿನ ಚೀಲ ಹಾಕಿದರೆ ಭಾರ ಬಿದ್ದರೂ ಕಣ್ಣು ತೆರೆದೇ ಇರುತ್ತದೆ, ಮರಿಗಳು ನುಸುಳಿ ಹೋಗುತ್ತವೆ. ಕೇರಳದಲ್ಲಿ ಮೀನು ಹಿಡಿಯುವ ಟ್ರಾಲ್ ಬಲೆಗೆ 35 ಮಿಲಿಮೀಟರ್ ಚೌಕ ಕಣ್ಣು, ಗುಜರಾತಿನಲ್ಲಿ 40 ಅಂತ ನಿಯಮ ಇದೆ. ಇಡೀ ಬಲೆ ಬದಲಿಸಬೇಕಿಲ್ಲ, ಬಾಲದ ಚೀಲ ಬದಲಿಸಿದರೆ ಆಯಿತು. ಖರ್ಚು ಅಂಥ ದೊಡ್ಡದಲ್ಲ.

ಹಾಗಾದರೆ ಯಾಕೆ ಹಾಕುವುದಿಲ್ಲ ಅಂತ ಕೇಳುತ್ತೀರಿ. ಅಣ್ಣ ಒಬ್ಬ ಹಾಕಿದರೆ ಅವನ ಬಲೆಯಿಂದ ತಪ್ಪಿಸಿಕೊಂಡ ಮೀನು ಪಕ್ಕದ ಬೋಟಿನ ಬಲೆಗೆ ಬೀಳುತ್ತದೆ. ಕಂತು ಮಾತ್ರ ಅಣ್ಣನೇ ಕಟ್ಟಬೇಕು. ಮೀನಿಗೆ ಗೋವಾ, ಕರ್ನಾಟಕ, ಮಹಾರಾಷ್ಟ್ರ ಅಂತ ಗಡಿ ಇಲ್ಲ. ಕಾನೂನಿಗೆ ಇದೆ. ದಡದಿಂದ 12 ನಾಟಿಕಲ್ ಮೈಲಿವರೆಗೆ ಆಯಾ ರಾಜ್ಯದ್ದು, ಅದರಾಚೆ 200 ಮೈಲಿವರೆಗೆ ಕೇಂದ್ರದ್ದು. ಗೋವಾದ ಕಾನೂನು 1980ರದ್ದು, ಮಹಾರಾಷ್ಟ್ರದ್ದು 1981, ನಮ್ಮದು 1986. ಮೂರು ಕಡೆ ಮೂರು ಥರ. ಮೂರೂ ರಾಜ್ಯ ಒಂದೇ ದಿನ ಒಂದೇ ಅಳತೆ ಅಂತ ಹೇಳಲಿ, ನಮ್ಮ ಮನೆಯ ಬೋಟ್ ಮೊದಲು ಹಾಕುತ್ತದೆ. ಇದು ಮಾತಿಗೆ ಹೇಳುತ್ತಿಲ್ಲ. ಭೂತಾಯಿ ಸಿಗದ ವರ್ಷಗಳನ್ನು ನಾವು ನೋಡಿದ್ದೇವೆ. ಕೇರಳದಲ್ಲಿ 2012ರಲ್ಲಿ ಹತ್ತಿರ ಹತ್ತಿರ 4 ಲಕ್ಷ ಟನ್ ಭೂತಾಯಿ ಬಿದ್ದಿತ್ತು, 2021ರಲ್ಲಿ 4 ಸಾವಿರ ಟನ್ನೂ ಇರಲಿಲ್ಲ. ಎಲ್ಲವೂ ಬಲೆಯಿಂದಲೇ ಆದದ್ದಲ್ಲ, ನೀರಿನ ಬಿಸಿ, ಎಲ್ ನಿನೋ ಅಂತೆಲ್ಲ ಇದೆ. ಆದರೆ ಅಂಥ ಕೆಟ್ಟ ವರ್ಷದಲ್ಲಿ ಮರಿಯನ್ನೂ ಬಾಚಿದರೆ ಮುಂದಿನ ವರ್ಷಕ್ಕೆ ಏನು ಉಳಿಯುತ್ತದೆ?

ಬಂದ್ ಸಮಯದ ಪರಿಹಾರವನ್ನೂ ಸ್ವಲ್ಪ ನೋಡಿ. ಕೇಂದ್ರದ ಮತ್ಸ್ಯ ಸಂಪದ ಯೋಜನೆಯಲ್ಲಿ ಬಡ ಮೀನುಗಾರನಿಗೆ ಮೂರು ತಿಂಗಳಿಗೆ ಸೇರಿ ಸಿಗುವುದು 4,500 ರೂಪಾಯಿ. ಅದರಲ್ಲೂ 1,500 ಅವನೇ ಮೊದಲು ಕಟ್ಟಿದ ದುಡ್ಡು. ಇಷ್ಟರಲ್ಲಿ ಮಳೆಗಾಲ ಕಳೆದವನು ಆಗಸ್ಟಿನಲ್ಲಿ ಮರಿ ಬಿದ್ದರೆ ಬಿಡುತ್ತಾನಾ? ನಿಯಮ ಪಾಲಿಸಬೇಕು ಅಂತ ಕೇಳುವಾಗ ಅವನ ಮನೆಯ ಒಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ವರ್ಸೋವಾ ಬಾಡಿಗೆಮನೆ

ನಾನು ಅಂಕೋಲಾದವಳು. ವರ್ಸೋವಾ ಕೋಳಿವಾಡದ, ಅಂದರೆ ಕೋಳಿ ಅನ್ನುವ ಮೀನುಗಾರ ಸಮುದಾಯದ ಕೇರಿಯ, ಪಕ್ಕದಲ್ಲೇ ಮನೆ, ಮೀನು ಕೊಳ್ಳುವುದೂ ಅಲ್ಲಿಯ ಕೋಳಿ ಹೆಂಗಸರ ಹತ್ತಿರ. ಇಲ್ಲಿ ಎಲ್ಲರೂ ಟ್ರಾಲ್ ಬಗ್ಗೆ ಹೇಳಿದ್ದೀರಿ. ಮುಂಬೈಯ ಹಳೆಯ ಬಲೆ ಬೇರೆ, ಅದರ ಕಷ್ಟವೂ ಬೇರೆ.

ಇವರದ್ದು ಡೋಲ್ ಬಲೆ. ಉದ್ದನೆಯ ಚೀಲದಂಥ ಬಲೆಯನ್ನು ಸಮುದ್ರದಲ್ಲಿ ಒಂದೇ ಕಡೆ ಗೂಟಕ್ಕೆ ಕಟ್ಟಿಬಿಡುತ್ತಾರೆ. ಎಳೆಯುವುದಿಲ್ಲ. ಭರತ ಇಳಿತದ ಸೆಳೆತಕ್ಕೆ ಮೀನು ತಾನಾಗಿ ಒಳಗೆ ಬರುತ್ತದೆ. ಬೊಂಬಿಲ್ (ಬಾಂಬೆ ಡಕ್ ಅನ್ನುವ ಮೀನು) ಜಾಸ್ತಿ ಬರುವುದು ಇದರಲ್ಲೇ. ಇದೇ ಬಲೆಯಲ್ಲಿ ಜವಳಾ ಕೂಡ ಹಿಡಿಯುತ್ತಾರೆ, ಒಣಗಿಸಿ ಮಾರುವ ಆ ಪುಟಾಣಿ ಸಿಗಡಿ. ಜವಳಾ ಪೂರ್ತಿ ಬೆಳೆದರೂ ಅಷ್ಟೇ ಇರುವುದು. ಅದನ್ನು ಹಿಡಿಯಲು ಬಾಲದಲ್ಲಿ ತೀರಾ ಸಣ್ಣ ಕಣ್ಣು ಬೇಕೇ ಬೇಕು. ಆ ಸಣ್ಣ ಕಣ್ಣಿನಲ್ಲಿ ಪಾಪ್ಲೆಟ್ ಮರಿಯೂ ಬೊಂಬಿಲ್ ಮರಿಯೂ ಸಿಕ್ಕಿಕೊಳ್ಳುತ್ತವೆ. ಎಲ್ಲರಿಗೂ 40 ಮಿಲಿಮೀಟರ್ ಅಂತ ಒಂದೇ ಗೆರೆ ಎಳೆದರೆ ಜವಳಾ ಒಣಗಿಸಿ ಬದುಕುವ ಹೆಂಗಸರು ಏನು ಮಾಡಬೇಕು? ಜವಳಾ ಬರುವ ಕಾಲಕ್ಕೆ ಒಂದು ಕಣ್ಣು, ಪಾಪ್ಲೆಟ್ ಮರಿ ದಡದ ಹತ್ತಿರ ಇರುವ ಕಾಲಕ್ಕೆ ಇನ್ನೊಂದು ಅಂತ ಅವರನ್ನೇ ಕೂರಿಸಿ ಕೇಳಿ ಗೊತ್ತುಮಾಡಿದರೆ ನಡೆಯುತ್ತದೆ ಅಂತ ನನ್ನ ಅನಿಸಿಕೆ. ಇವರಿಗೆ ನಿಯಮ ಹೊಸದಲ್ಲ. ಸರ್ಕಾರ ಆಗಸ್ಟ್ 1ಕ್ಕೆ ಬಿಟ್ಟರೂ ನಾರಳಿ ಪೂರ್ಣಿಮೆಗೆ ತೆಂಗಿನಕಾಯಿ ಅರ್ಪಿಸದೆ ದೋಣಿ ಇಳಿಸಬಾರದು ಅನ್ನುವ ಮನೆಗಳು ಇನ್ನೂ ಇವೆ.

ಅವರ ಸಿಟ್ಟು ಪರ್ಸಿನ್ (ಮೀನಿನ ಹಿಂಡನ್ನು ಸುತ್ತುವರಿದು ಹಿಡಿಯುವ ದೊಡ್ಡ ಬಲೆ) ಮತ್ತು ಎಲ್‌ಇಡಿ ಬೋಟಿನ ಮೇಲೆ. ಅದರಲ್ಲಿ ನ್ಯಾಯ ಇದೆ. ರಾತ್ರಿ ಜನರೇಟರ್ ಹಾಕಿ ನೀರಿಗೆ ಬೆಳಕು ಬಿಟ್ಟು, ಸುತ್ತಲಿನ ಮೀನನ್ನೆಲ್ಲ ಒಂದೇ ಕಡೆ ಸೇರಿಸಿ ಬಾಚುವುದು ಎಲ್‌ಇಡಿ ಬೋಟು. ದೊಡ್ಡದು ಚಿಕ್ಕದು ಅಂತ ಆರಿಸುವ ಮಾತೇ ಇಲ್ಲ. 2017ರ ನವೆಂಬರಿನಲ್ಲಿ ಕೇಂದ್ರ ಇದನ್ನೂ, ಎರಡು ಬೋಟ್ ಸೇರಿ ಎಳೆಯುವ ಬುಲ್ ಟ್ರಾಲನ್ನೂ ನಿಷೇಧಿಸಿತು. ಪರ್ಸಿನ್‌ಗೆ ಮಹಾರಾಷ್ಟ್ರದಲ್ಲಿ 2016ರ ಫೆಬ್ರವರಿಯ ಆದೇಶ ಇದೆ, ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಮಾತ್ರ ಹಾಕಬಹುದು. 2021ರಲ್ಲಿ ದಂಡವನ್ನೂ ಲಕ್ಷಗಟ್ಟಲೆ ಏರಿಸಿದರು. ಮೊದಲು ಕೇಸು ತಹಶೀಲ್ದಾರರ ಮುಂದೆ ಹೋಗುತ್ತಿತ್ತು, ಈಗ ಮೀನುಗಾರಿಕೆ ಇಲಾಖೆಯ ಅಧಿಕಾರಿಗಳೇ ತೀರ್ಮಾನ ಮಾಡಬಹುದು. ಕಾಗದದ ಮೇಲೆ ಕಾನೂನು ಗಟ್ಟಿಯಾಗಿದೆ. ನಮ್ಮ ಓಣಿಯ ಮೀನಿನ ಅಜ್ಜಿ ಕೇಳುವುದು ಒಂದೇ, 'ಸಣ್ಣ ದೋಣಿಯ ಬಲೆ ಅಳೆಯಲು ಬರುವವರು ಆ ದೊಡ್ಡ ಬೋಟಿನ ಹತ್ತಿರವೂ ಹೋಗಲಿ.'

ಸಾಕಿನಾಕಾ ಊಟದಮನೆ

ಎಲ್ಲರಿಗೂ ತುಂಬಾ ಧನ್ಯವಾದ. ಅತ್ತಿಗೆಗೆ ಓದಿ ಹೇಳಿದೆ. ಫೋನ್ ವಿಷಯ ಕೇಳಿ ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿದರು, ಆಮೇಲೆ 'ಹಾಗಾದರೆ ಬೇಡ' ಅಂದರು.

ನಾವು ಈಗ ಮಾಡುವುದು ಇಷ್ಟು. ಇಡೀ ಪಾಪ್ಲೆಟ್ ಫ್ರೈಯನ್ನು ಮೆನುವಿನಿಂದ ತೆಗೆದಿದ್ದೇವೆ. ಮಧ್ಯಮ ಸೈಜಿನದ್ದು ಸಿಕ್ಕ ದಿನ ಅಡ್ಡಕ್ಕೆ ಕತ್ತರಿಸಿ ತುಂಡು ಲೆಕ್ಕದಲ್ಲಿ ಕೊಡುತ್ತೇವೆ. ಬೋರ್ಡಿನಲ್ಲಿ ಮೀನಿನ ಹೆಸರು ಮೊದಲೇ ಬರೆಯುವುದಿಲ್ಲ, ಅವತ್ತು ಏನು ಒಳ್ಳೆಯದು ಬಂತೋ ಅದು. ಕಾಣೆ ಸಿಕ್ಕರೆ ಕಾಣೆ, ಬೊಂಬಿಲ್ ಸಿಕ್ಕರೆ ಬೊಂಬಿಲ್. ಮೀನು ಕತ್ತರಿಸುವ ಹಲಗೆಯ ಅಂಚಿಗೆ ಸೆಂಟಿಮೀಟರ್ ಗೆರೆ ಕೊರೆಸಿದ್ದೇನೆ. ಬಂಗುಡೆಯನ್ನು ತುಟಿಯಿಂದ ಬಾಲದ ತುದಿವರೆಗೆ ಮಲಗಿಸಿ ನೋಡುತ್ತೇನೆ. ಕೆಲಸದ ಹುಡುಗನಿಗೂ ಅಭ್ಯಾಸ ಆಗಿದೆ.

ತೊಂದರೆ ಇರುವುದು ಖರೀದಿ ಜಾಗದಲ್ಲಿ. ಕತ್ತಲಲ್ಲಿ, ಅಷ್ಟು ಗದ್ದಲದಲ್ಲಿ, ಒಂದೊಂದೇ ಮೀನು ಅಳೆಯುತ್ತಾ ಕೂತರೆ ಏಜೆಂಟ್ ಮುಂದಿನ ಗಿರಾಕಿಗೆ ಕೊಟ್ಟುಬಿಡುತ್ತಾರೆ. ನನ್ನಂಥ ಒಬ್ಬಳ ಮಾತು ಅವರಿಗೆ ದೊಡ್ಡದೂ ಅಲ್ಲ. ಇದಕ್ಕೆ ಏನಾದರೂ ಉಪಾಯ ಉಂಟಾ?

ಕೊಲಾಬಾ ಖರೀದಿಯವ

ಉಂಟು. ಧಕ್ಕೆಯಲ್ಲಿ ಉದ್ದ ಅಳೆಯಲು ಹೋಗಬೇಡಿ, ಕಿಲೋಗೆ ಎಷ್ಟು ಮೀನು ಅಂತ ಕೇಳಿ. ಏಜೆಂಟರಿಗೆ ಆ ಭಾಷೆಯೇ ಬೇಗ ಅರ್ಥ ಆಗುವುದು. ನಿಮ್ಮ ಹಲಗೆಯ ಮೇಲೆ ಸರಿ ಅನ್ನಿಸಿದ ಸೈಜಿನ ಮೀನನ್ನು ಒಂದು ಕಿಲೋ ತೂಗಿ ಎಣಿಸಿಟ್ಟುಕೊಳ್ಳಿ, ಜಾತಿವಾರು. ಅದಕ್ಕಿಂತ ಜಾಸ್ತಿ ಎಣಿಕೆ ಬಂದರೆ ಕ್ರೇಟ್ ವಾಪಸ್. ಮೇಲಿನ ಪದರ ನೋಡಿ ತೆಗೆದುಕೊಳ್ಳಬೇಡಿ, ಐಸ್ ಸರಿಸಿ ಅಡಿಯಿಂದ ಒಂದು ಹಿಡಿ ತೆಗೆಸಿ. ದೊಡ್ಡದನ್ನು ಮೇಲೆ ಜೋಡಿಸುವುದು ಎಲ್ಲ ಕಡೆ ಇದ್ದದ್ದೇ.

ಒಬ್ಬರ ಮಾತು ನಡೆಯುವುದಿಲ್ಲ ಅನ್ನುವುದು ನಿಜ. ಅಂಧೇರಿ, ಸಾಕಿನಾಕಾ, ಘಾಟ್ಕೋಪರ್ ಕಡೆ ನಮ್ಮೂರಿನವರ ಮೀನೂಟದ ಹೋಟೆಲ್ ಎಷ್ಟಿವೆ ನಿಮಗೇ ಗೊತ್ತು. ನಾಲ್ಕು ಜನ ಸೇರಿ ಒಂದೇ ಟೆಂಪೋದಲ್ಲಿ ತರಿಸುವ ಹಾಗೆ ಮಾಡಿ, ಒಂದೇ ಎಣಿಕೆ ಹೇಳಿ. ಅಷ್ಟು ಮಾಲು ಒಟ್ಟಿಗೆ ಎತ್ತುವವರನ್ನು ಯಾವ ಏಜೆಂಟೂ ಕಳೆದುಕೊಳ್ಳುವುದಿಲ್ಲ. ಗಂಗೊಳ್ಳಿಯವರು ಹೇಳಿದ ಫಿಶ್‌ಮೀಲ್ ವಿಷಯಕ್ಕೆ ಇದು ಉತ್ತರ ಅಲ್ಲ, ಅದನ್ನು ಸರ್ಕಾರವೇ ಹಿಡಿಯಬೇಕು. ಆದರೆ ಮರಿ ಪಾಪ್ಲೆಟಿಗೆ ಫಿಶ್‌ಮೀಲಿನವರು ಕೊಡುವ ರೇಟಿಗೂ ಹೋಟೆಲಿನವರು ಕೊಡುವ ರೇಟಿಗೂ ತುಂಬಾ ಅಂತರ ಇದೆ. ನೀವು ಹಿಂದೆ ಸರಿದರೆ ಅದರ ಬೆಲೆ ತಳ ಮುಟ್ಟುತ್ತದೆ.

ಎಣಿಕೆಯ ಪಟ್ಟಿ ಮಾಡಿದರೆ ಇಲ್ಲೇ ಹಾಕಿ ಅಕ್ಕಾ. ನಾನೂ ನನ್ನ ಕಡೆಯದನ್ನು ಸೇರಿಸುತ್ತೇನೆ. ಗಂಗೊಳ್ಳಿಯವರು ಅಣ್ಣನಿಂದ ಮಾಂಜಿ ಮತ್ತು ಅಂಜಲಿನ ಎಣಿಕೆ ಕೇಳಿ ಹೇಳಲಿ.